ತಾರಸಿಗೆ ನೊರೆ ಹೊಡೆಯುವ ಕೆಲಸ: ನಮ್ಮ ಮಕ್ಕಳು ತಿಳಿದಿರಬೇಕಾದ ಸಂಗತಿಗಳು

(ತಿಂಗಳ ಕಾರ್ಮಿಕ ಕೂಟದಲ್ಲಿ ಮಾಡಿದ ಭಾಷಣ)



ಎಲೆಯ ತೂಕ, ಬೋನಸ್ಸು, ಲೈನು ಮನೆಗಳ ರಿಪೇರಿ, ಇವುಗಳನ್ನು ಕುರಿತು ನಾವು ಈ ಕೂಟದಲ್ಲಿ ಬಹಳ ಸಲ ಮಾತಾಡಿದ್ದೇವೆ. ಈ ಸಲ ತೋಟದ ಹೊರಗಿನ ಒಂದು ಕೆಲಸದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ. ನಮ್ಮ ಮಕ್ಕಳೆಲ್ಲರೂ ಈಗ ತೋಟದಲ್ಲಿಯೇ ಉಳಿಯುವುದಿಲ್ಲವೆಂಬುದು ನಿಮಗೆ ಗೊತ್ತು. ಓದು ಮುಗಿದ ಕೂಡಲೇ, ಕೆಲವರು ಓದು ಮುಗಿಯುವ ಮೊದಲೇ, ಘಾಟಿ ಇಳಿದು ಕೊಯಮತ್ತೂರು, ತಿರುಪ್ಪೂರು, ಹೊಸೂರು, ಬೆಂಗಳೂರು ಎಂದು ಹೋಗುತ್ತಾರೆ. ಹೆಣ್ಣುಮಕ್ಕಳು ಬಟ್ಟೆ ಹೊಲಿಯುವ ಕಾರ್ಖಾನೆಗಳಿಗೆ ಸೇರುತ್ತಾರೆ. ಗಂಡುಮಕ್ಕಳಲ್ಲಿ ಅನೇಕರು ಕಟ್ಟಡದ ಕೆಲಸಕ್ಕೆ ಸೇರುತ್ತಾರೆ. ಆ ಕಟ್ಟಡದ ಕೆಲಸಗಳಲ್ಲಿ ಒಂದು, ದೊಡ್ಡ ಕಟ್ಟಡಗಳ ತಾರಸಿಯ ಮೇಲೆ ನೊರೆ ಹೊಡೆಯುವುದು. ಹುಡುಗರು ಇದನ್ನು "ಫೋಮ್ ಹೊಡೆಯುವುದು" ಎಂದೂ "ಪಫ್ ಕೆಲಸ" ಎಂದೂ ಕರೆಯುತ್ತಾರೆ. ಈ ಕೆಲಸ ಎಂಥದ್ದು, ಇದರಿಂದ ಆಗುವ ಒಳ್ಳೆಯದೇನು, ಕೇಡೇನು ಎಂಬುದನ್ನು ಹೋಗುವ ಮಗನೂ ಕಳುಹಿಸುವ ತಾಯಿತಂದೆಯರೂ ತಿಳಿದಿರಬೇಕು.

ಮೊದಲು ತಾರಸಿಯ ಕಷ್ಟವೇನೆಂದು ನೋಡೋಣ. ನಮ್ಮ ಬೆಟ್ಟಗಳಲ್ಲಿ ಮಾಡುಗಳು ಇಳಿಜಾರು. ಹೆಂಚಿರಲಿ, ತಗಡಿರಲಿ, ಮಳೆಯ ನೀರು ಬಿದ್ದ ಹಾಗೆಯೇ ಜಾರಿಹೋಗುತ್ತದೆ. ಬಯಲು ಸೀಮೆಯ ಕಾರ್ಖಾನೆ, ಗೋದಾಮು, ಆಸ್ಪತ್ರೆ, ಅಂಗಡಿಗಳ ಮಾಡು ಹಾಗಲ್ಲ. ಬಹುಪಾಲು ಚಪ್ಪಟೆಯಾದ ಕಾಂಕ್ರೀಟು. ಚಪ್ಪಟೆ ಮಾಡಿಗೆ ಇಬ್ಬರು ಶತ್ರುಗಳು. ಒಬ್ಬನು ನೀರು, ಇನ್ನೊಬ್ಬನು ಬಿಸಿಲು. ವಾಟ ಸರಿಯಿಲ್ಲದಿದ್ದರೆ ನೀರು ನಿಂತು, ಸಣ್ಣ ಬಿರುಕನ್ನು ಹುಡುಕಿ ಇಳಿದು, ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಬೇಸಿಗೆಯ ಮಧ್ಯಾಹ್ನ ಬರಿಯ ತಾರಸಿಯ ಮೈ 60 ಡಿಗ್ರಿಯವರೆಗೂ ಕಾಯುತ್ತದೆ. ಕಾದ ಕಾಂಕ್ರೀಟು ಆ ಶಾಖವನ್ನು ಸಂಜೆಯ ತನಕ ಕೆಳಗೆ ಬಿಡುತ್ತಲೇ ಇರುತ್ತದೆ. ಅದರ ಅಡಿಯಲ್ಲಿ ಮಿಷನ್ನಿನ ಮುಂದೆ ಕೂತು ಹೊಲಿಯುವ ನಮ್ಮ ಹೆಣ್ಣುಮಕ್ಕಳನ್ನು ಕೇಳಿ ನೋಡಿರಿ. ಫ್ಯಾನು ತಿರುಗಿದರೂ ಬಿಸಿಗಾಳಿಯೇ ಬರುತ್ತದೆಂದು ಅವರು ಹೇಳುತ್ತಾರೆ.

ಹಳೆಯ ಮೇಸ್ತ್ರಿಗಳು ಇದಕ್ಕೊಂದು ಉಪಾಯ ಮಾಡಿದ್ದರು. ತಮಿಳುನಾಡಿನ ಕಡೆ ಇಟ್ಟಿಗೆ ಜಲ್ಲಿಯನ್ನು ಸುಣ್ಣದಲ್ಲಿ ಕಲಸಿ, ಬೆಲ್ಲದ ನೀರು, ಅಳಲೆಕಾಯಿಯ ನೀರು ಬೆರೆಸಿ, ತಾರಸಿಯ ಮೇಲೆ ಹರಡಿ, ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ದಿನಗಟ್ಟಲೆ ಬಡಿದು ಗಟ್ಟಿ ಮಾಡುತ್ತಿದ್ದರು. ಅದರ ಮೇಲೆ ಚಪ್ಪಟೆ ಹೆಂಚು ಕೂರಿಸುತ್ತಿದ್ದರು. ಚೆನ್ನಾಗಿ ಮಾಡಿದ್ದು ತಲೆಮಾರುಗಳ ಕಾಲ ಬಾಳಿದೆ. ಆದರೆ ಅದು ಬಹಳ ಭಾರ. ನಾಲ್ಕು ಅಂಗುಲ ದಪ್ಪಕ್ಕೆ ಒಂದು ಚದರ ಮೀಟರಿಗೆ 150 ಕಿಲೋಗೂ ಹೆಚ್ಚು ತೂಗುತ್ತದೆ. ಎರಡು ಅಂಗುಲ ನೊರೆಯಾದರೋ ಅದೇ ಜಾಗದಲ್ಲಿ ಎರಡು, ಎರಡೂವರೆ ಕಿಲೋ ಮಾತ್ರ. ಹಳೆಯ ಕಟ್ಟಡದ ಮೇಲೆ ಹೊಸ ಭಾರ ಹೇರಬಾರದೆನ್ನುವವರು ನೊರೆಯನ್ನು ಬಯಸುವುದಕ್ಕೆ ಇದೊಂದು ಕಾರಣ.

ಈ ನೊರೆ ಏನೆಂದು ಈಗ ಹೇಳುತ್ತೇನೆ. ಕಾಫಿ ತೋಟದಲ್ಲಿ ಬೋರ್ಡೋ ಮದ್ದು ಹೊಡೆದವರು ಇಲ್ಲಿ ಇದ್ದೀರಿ. ಮೈಲುತುತ್ತದ ನೀರು ಒಂದು ಕಡೆ, ಸುಣ್ಣದ ನೀರು ಒಂದು ಕಡೆ; ಎರಡೂ ಸೇರಿದ ಮೇಲೆಯೇ ಅದು ಮದ್ದಾಗುತ್ತದೆ. ಇದೂ ಹಾಗೆಯೇ ಎರಡು ದ್ರವಗಳಿಂದ ಆಗುವಂಥದ್ದು. ಒಂದು ಡ್ರಮ್ಮಿನಲ್ಲಿ ಐಸೋಸಯನೇಟ್ ಎಂಬ ಕಂದು ಬಣ್ಣದ ದ್ರವ ಇರುತ್ತದೆ. ಈ ಕೆಲಸಕ್ಕೆ ಬಳಸುವ ಜಾತಿಗೆ ಎಂ.ಡಿ.ಐ. ಎಂದು ಹೆಸರು. ಇನ್ನೊಂದು ಡ್ರಮ್ಮಿನಲ್ಲಿ ಪಾಲಿಯಾಲ್ ಎಂಬ ದ್ರವ. ಅದರಲ್ಲಿಯೇ ಉಬ್ಬಿಸುವ ವಸ್ತು, ಬೇಗ ಗಟ್ಟಿಮಾಡುವ ವಸ್ತು, ಬೆಂಕಿಯನ್ನು ತಡಮಾಡುವ ವಸ್ತು ಬೆರೆತಿರುತ್ತವೆ. ಯಂತ್ರವು ಎರಡನ್ನೂ ಸಮಪಾಲಾಗಿ ಎಳೆದು, ಬಿಸಿಮಾಡಿ, ಚದರ ಅಂಗುಲಕ್ಕೆ ಸುಮಾರು 1000 ಪೌಂಡು ಒತ್ತಡದಲ್ಲಿ ಎರಡು ಪೈಪುಗಳಲ್ಲಿ ಮೇಲಕ್ಕೆ ಕಳುಹಿಸುತ್ತದೆ. ಗನ್ನಿನ ಬಾಯಿಯಲ್ಲಿ ಅವು ಕೂಡುತ್ತವೆ. ಹೊರಗೆ ಬಿದ್ದ ಕೆಲವೇ ಕ್ಷಣಗಳಲ್ಲಿ ಇಪ್ಪತ್ತು ಮೂವತ್ತು ಪಾಲು ಉಬ್ಬಿ, ಅಪ್ಪದ ಹಾಗೆ ಎದ್ದು, ಗಟ್ಟಿಯಾಗುತ್ತದೆ. ಅದರೊಳಗೆ ಬಾಯಿ ಮುಚ್ಚಿದ ಲಕ್ಷಾಂತರ ಸಣ್ಣ ಗುಳ್ಳೆಗಳು. ಆ ಗುಳ್ಳೆಗಳೇ ಶಾಖವನ್ನು ತಡೆಯುವುದು, ನೀರನ್ನು ತಡೆಯುವುದು. ಒಂದೇ ದಪ್ಪದ ಕಾಂಕ್ರೀಟಿಗೆ ಹೋಲಿಸಿದರೆ ಈ ನೊರೆ ಐವತ್ತು ಪಾಲಿಗೂ ಹೆಚ್ಚಾಗಿ ಶಾಖವನ್ನು ತಡೆಯುತ್ತದೆ.

ಈ ವಸ್ತುವಿನ ರಸಾಯನವನ್ನು 1937ರಲ್ಲಿ ಜರ್ಮನಿಯ ಓಟ್ಟೋ ಬಾಯರ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಕಂಡುಹಿಡಿದರು. ಮಾಡಿನ ಮೇಲೆ ಹೊಡೆಯುವ ಪದ್ಧತಿ 1960ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆಯಿತು. ಅಲ್ಲಿನ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯವು 1974ರಿಂದ ತನ್ನ ಕಟ್ಟಡಗಳ ಚಪ್ಪಟೆ ಮಾಡುಗಳಿಗೆ ಇದನ್ನು ಹೊಡೆಸಿತು. 1980ರಿಂದ 1984ರವರೆಗೆ 27 ಕಟ್ಟಡಗಳ ವಿದ್ಯುತ್ತಿನ ಖರ್ಚನ್ನು ಲೆಕ್ಕ ಇಟ್ಟು ನೋಡಿದಾಗ, ಉಳಿತಾಯದಿಂದಲೇ ಮಾಡಿನ ಖರ್ಚು ಸರಾಸರಿ ನಾಲ್ಕೂವರೆ ವರ್ಷಗಳಲ್ಲಿ ಮರಳಿ ಬಂದಿತ್ತು. ಬಿರುಗಾಳಿಯ ಮುಂದೆಯೂ ಇದು ನಿಲ್ಲುತ್ತದೆ. ಹಾಳೆಯಂತೆ ಹಾಸಿದ ಹೊದಿಕೆಗೆ ಅಂಚು ಇರುತ್ತದೆ, ಗಾಳಿ ಆ ಅಂಚಿನಲ್ಲಿ ಬೆರಳು ತೂರಿಸಿ ಕಿತ್ತೊಗೆಯುತ್ತದೆ. ನೊರೆಗೆ ಜೋಡಣೆಯೇ ಇಲ್ಲ. ಇಡೀ ಮಾಡಿಗೆ ಒಂದೇ ಮೈಯಾಗಿ ಅಂಟಿರುತ್ತದೆ. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತವು ಅಮೆರಿಕದ ನ್ಯೂ ಆರ್ಲಿಯನ್ಸ್ ಪಟ್ಟಣಕ್ಕೆ ಬಡಿದಾಗ, ಸಾವಿರಾರು ಜನರು ಆಶ್ರಯ ಪಡೆದಿದ್ದ ಸೂಪರ್‌ಡೋಮ್ ಎಂಬ ದೊಡ್ಡ ಕ್ರೀಡಾಂಗಣದ ಮಾಡಿನ ರಬ್ಬರ್ ಹೊದಿಕೆ ಕಿತ್ತುಹೋಯಿತು. ಆ ಮಾಡು ಚಪ್ಪಟೆಯಲ್ಲ, ಗುಮ್ಮಟ. ಆದರೂ ರಿಪೇರಿ ಮಾಡುವಾಗ ಅವರು ಆರಿಸಿಕೊಂಡದ್ದು ಹೊಡೆಯುವ ನೊರೆಯನ್ನೇ. 2006ರ ಸೆಪ್ಟೆಂಬರಿನಲ್ಲಿ ಕ್ರೀಡಾಂಗಣ ಮತ್ತೆ ತೆರೆಯಿತು.

ಇಷ್ಟು ಹೇಳಿದ್ದನ್ನು ಕೇಳಿ ಇದು ಸುಲಭದ ಕೆಲಸವೆಂದು ತಿಳಿಯಬೇಡಿರಿ. ಕೆಲಸದ ಒಳ್ಳೆಯದು ಕೆಟ್ಟದ್ದೆಲ್ಲ ಹೊಡೆಯುವವನ ಕೈಯಲ್ಲಿದೆ. ಮೊದಲು ತಾರಸಿಯನ್ನು ಚೆನ್ನಾಗಿ ಗುಡಿಸಿ, ಧೂಳು, ಎಣ್ಣೆ, ಪಾಚಿ, ಬಿಟ್ಟುಕೊಂಡ ಹಳೆಯ ಹೊದಿಕೆ ಎಲ್ಲವನ್ನೂ ತೆಗೆಯಬೇಕು. ಮೇಲ್ಮೈ ಪೂರ್ತಿ ಒಣಗಿರಬೇಕು. ಐಸೋಸಯನೇಟಿಗೆ ನೀರು ಸೋಕಿದರೆ ಅದರಿಂದ ಗಾಳಿ ಹುಟ್ಟುತ್ತದೆ. ಹಸಿ ತಾರಸಿಯ ಮೇಲೆ ಹೊಡೆದ ನೊರೆ ಅಂಟದೆ ಬೊಕ್ಕೆ ಬೊಕ್ಕೆಯಾಗಿ ಏಳುತ್ತದೆ. ಬೆಳಗಿನ ಇಬ್ಬನಿಯೂ ಸಾಕು ಕೆಡಿಸುವುದಕ್ಕೆ. ಆದಕಾರಣ ಮಂಜು ಇಳಿಯುವ ಹೊತ್ತಿನಲ್ಲಿ, ಮಳೆಯ ಮೋಡ ಕವಿದಿರುವಾಗ ಈ ಕೆಲಸ ನಡೆಯಕೂಡದು. ಜೋರು ಗಾಳಿಯಲ್ಲಿಯೂ ನಡೆಯಕೂಡದು. ಗಾಳಿಯಲ್ಲಿ ಹಾರಿದ ಹನಿಗಳು ಕೆಳಗೆ ನಿಂತ ಕಾರು, ಗಾಜು, ಮನುಷ್ಯರ ಮೇಲೆ ಬಿದ್ದು ಅಂಟಿಕೊಳ್ಳುತ್ತವೆ, ತೊಳೆದರೆ ಹೋಗುವುದಿಲ್ಲ.

ಒಂದೇ ಏಟಿಗೆ ದಪ್ಪವಾಗಿ ಹೊಡೆಯಬಾರದು. ಅರ್ಧ ಅಂಗುಲದಿಂದ ಒಂದೂವರೆ ಅಂಗುಲದವರೆಗಿನ ಪದರುಗಳಾಗಿ ಹೊಡೆಯಬೇಕು. ಎರಡು ದ್ರವ ಕೂಡುವಾಗ ಬಹಳ ಶಾಖ ಹುಟ್ಟುತ್ತದೆ. ದಪ್ಪ ಗುಡ್ಡೆಯ ಒಳಗೆ ಆ ಶಾಖ ಸಿಕ್ಕಿಕೊಂಡರೆ ನೊರೆ ಒಳಗೇ ಕರಕಲಾಗಿ, ಬೆಂಕಿ ಹೊತ್ತುವುದೂ ಉಂಟು. ನೀರು ನಿಲ್ಲುವ ತಗ್ಗುಗಳಲ್ಲಿ ಸ್ವಲ್ಪ ಹೆಚ್ಚು ಹೊಡೆದು, ಅಡಿಗೆ ಕಾಲಂಗುಲದ ವಾಟವನ್ನು ನೊರೆಯಿಂದಲೇ ತರುವುದು ಒಳ್ಳೆಯ ಕೆಲಸಗಾರನ ಗುರುತು. ಕಡೆಯದಾಗಿ ಮೇಲೊಂದು ಲೇಪ ಬೇಕೇ ಬೇಕು. ಬರಿಯ ನೊರೆಯ ಮೇಲೆ ಬಿಸಿಲು ಬಿದ್ದರೆ ಅದು ಹಳದಿಯಾಗಿ, ಕಂದಾಗಿ, ಕೈಗೆ ಹಿಟ್ಟಿನಂತೆ ಉದುರುತ್ತದೆ. ಹೊಡೆದ ಒಂದೆರಡು ದಿನಗಳೊಳಗೆ ಅಕ್ರಿಲಿಕ್ ಅಥವಾ ಸಿಲಿಕೋನ್ ಲೇಪವನ್ನು ಬಳಿಯಬೇಕು. ಲೇಪ ಸವೆದಂತೆ ಹತ್ತು ಹದಿನೈದು ವರ್ಷಗಳಿಗೊಮ್ಮೆ ಮತ್ತೆ ಬಳಿದರೆ ನೊರೆ ದೀರ್ಘಕಾಲ ಬಾಳುತ್ತದೆ. ಕಾಗೆ, ಗೊರವಂಕಗಳು ಕುಕ್ಕಿ ತೂತು ಮಾಡಬಹುದು. ವರ್ಷಕ್ಕೆ ಎರಡು ಸಲ ಹತ್ತಿ ನೋಡಿ, ತೂತಿದ್ದಲ್ಲಿ ತುಂಬಿ, ನೀರಿನ ಕೊಳವೆಗಳ ಕಸ ತೆಗೆಯಬೇಕು. ಗುಳ್ಳೆಗಳು ಬಾಯಿ ಮುಚ್ಚಿರುವುದರಿಂದ ಒಂದು ಕಡೆ ತೂತು ಬಿದ್ದ ಮಾತ್ರಕ್ಕೆ ನೀರು ಇಡೀ ಮಾಡಿಗೆ ಹರಡುವುದಿಲ್ಲ.

ಸಹೋದರರೇ, ಇದುವರೆಗೆ ಹೇಳಿದ್ದು ಕಟ್ಟಡದ ಮಾತು. ಇನ್ನು ಮನುಷ್ಯನ ಮಾತು.

ಕೆಳಗೆ ಕೂತವನಿಗೆ ತಂಪು ಕೊಡುವ ಈ ನೊರೆ, ಮೇಲೆ ನಿಂತು ಹೊಡೆಯುವವನ ಉಸಿರನ್ನು ಕೆಡಿಸಬಲ್ಲದು. ಗಟ್ಟಿಯಾದ ಮೇಲೆ ನೊರೆ ಸಾಧುವಾದದ್ದು; ಕೇಡಿರುವುದು ಹೊಡೆಯುವಾಗ ಏಳುವ ಮಂಜಿನಂಥ ತುಂತುರಿನಲ್ಲಿ. ಆ ತುಂತುರಿನಲ್ಲಿ ಐಸೋಸಯನೇಟ್ ಇರುತ್ತದೆ. ಈ ಹೆಸರು ನಮ್ಮ ದೇಶಕ್ಕೆ ಹೊಸದಲ್ಲ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಸೋರಿ ಸಾವಿರಾರು ಜನರನ್ನು ಕೊಂದ ವಿಷ ಮೀಥೈಲ್ ಐಸೋಸಯನೇಟ್. ನೊರೆಯಲ್ಲಿರುವುದು ಅದೇ ವಸ್ತುವಲ್ಲ, ಅಷ್ಟು ಬೇಗ ಆವಿಯಾಗಿ ಹರಡುವಂಥದ್ದೂ ಅಲ್ಲ. ಸುಮ್ಮನೆ ಹೆದರಿಸುವುದಕ್ಕಾಗಿ ನಾನು ಈ ಮಾತನ್ನು ತೆಗೆಯಲಿಲ್ಲ. ಆದರೆ ಕುಲ ಒಂದೇ. ಬಿಸಿಮಾಡಿ ತುಂತುರಾಗಿ ಎರಚಿದಾಗ ಅದು ಗಾಳಿಯಲ್ಲಿ ನಿಂತು ಶ್ವಾಸಕೋಶಕ್ಕೆ ಇಳಿಯುತ್ತದೆ. ಚರ್ಮದ ಮೇಲೆ ಬಿದ್ದರೂ ದೇಹಕ್ಕೆ ಒಗ್ಗದೆ ಕೇಡು ಮಾಡುತ್ತದೆ.

ಇದರ ಸ್ವಭಾವವನ್ನು ಚೆನ್ನಾಗಿ ತಿಳಿದುಕೊಳ್ಳಿರಿ. ಕೆಲವರಿಗೆ ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. "ನೋಡಿ, ನಾನು ಮಾಸ್ಕಿಲ್ಲದೆಯೇ ಹೊಡೆಯುತ್ತೇನೆ, ನನಗೇನಾಗಿದೆ" ಎನ್ನುತ್ತಾರೆ. ಒಂದು ದಿನ ದೇಹವು ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಅಲ್ಲಿಂದ ಮುಂದೆ ಬಹಳ ಸ್ವಲ್ಪ ಸೋಕಿದರೂ ಎದೆ ಕಟ್ಟುತ್ತದೆ, ಉಬ್ಬಸ ಬರುತ್ತದೆ. ಹೀಗೆ ಒಮ್ಮೆ ಆದವನು ಮತ್ತೆ ಆ ಕೆಲಸಕ್ಕೆ ಹೋಗಲೇಬಾರದು. ಹೋದರೆ ಪ್ರಾಣಕ್ಕೇ ಅಪಾಯ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು 1996ರಲ್ಲಿಯೇ ಈ ವಸ್ತುಗಳಿಂದ ಉಬ್ಬಸವೂ ಮರಣವೂ ಸಂಭವಿಸಿರುವುದಾಗಿ ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು. ಅಲ್ಲಿನ ಕಾಯಿದೆಯ ಪ್ರಕಾರ ಕೆಲಸದ ಜಾಗದ ಗಾಳಿಯ 100 ಕೋಟಿ ಪಾಲಿನಲ್ಲಿ ಎಂ.ಡಿ.ಐ. 20 ಪಾಲನ್ನು ಯಾವ ಕ್ಷಣದಲ್ಲಿಯೂ ಮೀರಕೂಡದು. ಎಷ್ಟು ಸಣ್ಣ ಅಳತೆಯೆಂದು ನೀವೇ ಎಣಿಸಿರಿ. ಅಷ್ಟರಲ್ಲಿ ವಾಸನೆಯೂ ತಿಳಿಯುವುದಿಲ್ಲ. ಯೂರೋಪಿನ ಒಕ್ಕೂಟದ ದೇಶಗಳಲ್ಲಿ 2023ರ ಆಗಸ್ಟ್ 24ರಿಂದ, ತರಬೇತಿ ಪಡೆಯದವರು ಇಂಥ ವಸ್ತುಗಳನ್ನು ಕೆಲಸದಲ್ಲಿ ಬಳಸುವಂತಿಲ್ಲ. ಅಲ್ಲಿಯ ಕೆಲಸಗಾರನ ಎದೆಗೂ ನಮ್ಮ ಮಗನ ಎದೆಗೂ ವ್ಯತ್ಯಾಸವೇನಿದೆ?

ಈ ಕಾಯಿಲೆಯ ಗುರುತುಗಳನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು. ಒಣಕೆಮ್ಮು, ಎದೆ ಬಿಗಿತ, ಉಸಿರಾಡುವಾಗ ಸಿಳ್ಳೆಯಂಥ ಸದ್ದು. ಇವು ಕೆಲಸದ ಹೊತ್ತಿನಲ್ಲಿಯೇ ಬರಬೇಕೆಂದಿಲ್ಲ. ರಾತ್ರಿ ಮಲಗಿದ ಮೇಲೆಯೂ ಬರುತ್ತವೆ. ಮಗನು ಹಬ್ಬಕ್ಕೆ ಊರಿಗೆ ಬಂದು ಹತ್ತು ದಿನ ಇದ್ದಾಗ ಕೆಮ್ಮು ಕಡಿಮೆಯಾಗಿ, ಮತ್ತೆ ಕೆಲಸಕ್ಕೆ ಹೋದ ಕೂಡಲೇ ಶುರುವಾದರೆ, ಅದನ್ನು ಬೆಟ್ಟದ ಚಳಿಯೆಂದೂ ಪಟ್ಟಣದ ಧೂಳೆಂದೂ ತಳ್ಳಿಹಾಕಬೇಡಿರಿ. ಡಾಕ್ಟರ ಬಳಿ ಹೋದಾಗ ಬರೀ "ಕೆಮ್ಮು" ಎಂದು ಹೇಳಿ ಮಾತ್ರೆ ತೆಗೆದುಕೊಂಡು ಬರಬೇಡಿರಿ. "ನಾನು ಪಿ.ಯು. ಫೋಮ್ ಹೊಡೆಯುತ್ತೇನೆ, ಐಸೋಸಯನೇಟಿನ ಕೆಲಸ" ಎಂದು ಬಾಯಿಬಿಟ್ಟು ಹೇಳಿ, ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿರಿ. ಮುಂದೆ ಪರಿಹಾರ ಕೇಳಬೇಕಾಗಿ ಬಂದರೆ ಆ ಚೀಟಿಯೇ ಸಾಕ್ಷಿ.

ಕೆಲಸಕ್ಕೆ ಹೋಗುವ ಹುಡುಗರೇ, ತಾರಸಿ ಹತ್ತುವ ಮೊದಲು ಈ ಕೆಲವನ್ನು ಕೇಳಿ, ನೋಡಿ, ಆಮೇಲೆ ಹತ್ತಿರಿ.

ಒಂದು: ಮುಖಕ್ಕೆ ಸರಿಯಾದ ಮಾಸ್ಕು. ಬಟ್ಟೆಯದಲ್ಲ, ಆಸ್ಪತ್ರೆಯ ಕಾಗದದ್ದಲ್ಲ. ಎರಡು ಕಡೆ ಡಬ್ಬಿ ಇರುವ, ಆವಿಯನ್ನೂ ತುಂತುರನ್ನೂ ಎರಡನ್ನೂ ತಡೆಯುವ ಮಾಸ್ಕು. ಡಬ್ಬಿಗಳನ್ನು ಕಾಲಕಾಲಕ್ಕೆ ಬದಲಿಸಬೇಕು. ಗಡ್ಡವಿದ್ದರೆ ಅದು ಮುಖಕ್ಕೆ ಕೂರುವುದಿಲ್ಲ. ಕಟ್ಟಡದ ಒಳಗೆ, ಅಂದರೆ ಕೋಲ್ಡ್ ಸ್ಟೋರೇಜಿನಂಥ ಮುಚ್ಚಿದ ಜಾಗದಲ್ಲಿ ಹೊಡೆಯುವುದಾದರೆ ಅದೂ ಸಾಲದು. ಹೊರಗಿನಿಂದ ಪೈಪಿನಲ್ಲಿ ಒಳ್ಳೆಯ ಗಾಳಿ ಬರುವ ಮಾಸ್ಕು ಬೇಕು.

ಎರಡು: ಮೈ ಮುಚ್ಚುವ ಉಡುಪು, ರಬ್ಬರಿನಂಥ ನೈಟ್ರೈಲ್ ಕೈಗವಸು, ಕಣ್ಣಿಗೆ ಕನ್ನಡಕ. ಮೈಮೇಲೆ ಬಿದ್ದರೆ ತಕ್ಷಣ ಒರೆಸಿ ಸೋಪು ಹಾಕಿ ತೊಳೆಯಬೇಕು. ಗನ್ನಿನ ಬಾಯಿಗೆ ಬೆರಳಿಟ್ಟು ನೋಡಬೇಡಿರಿ. ಆ ಒತ್ತಡಕ್ಕೆ ದ್ರವ ಚರ್ಮವನ್ನೇ ಸೀಳಿ ಒಳಗೆ ಹೋಗುತ್ತದೆ.

ಮೂರು: ಪೈಪು ಎಳೆಯುವ ಹುಡುಗ, ಡ್ರಮ್ಮಿನ ಬಳಿ ನಿಲ್ಲುವ ಹುಡುಗ, ಇವರಿಗೂ ಮಾಸ್ಕು ಬೇಕು. ಹೊಡೆಯುವವನಿಗೆ ಒಂದು ಕೊಟ್ಟು ಉಳಿದವರನ್ನು ಬಿಡುವುದು ಅನೇಕ ಕಡೆ ನಡೆಯುತ್ತದೆ. ತುಂತುರು ಗಾಳಿ ಬೀಸಿದ ಕಡೆಗೆ ಹೋಗುತ್ತದೆಯೇ ಹೊರತು ಯಾರ ಸಂಬಳ ಎಷ್ಟೆಂದು ನೋಡುವುದಿಲ್ಲ. ತೋಟದಲ್ಲಿ ಮದ್ದು ಹೊಡೆಯುವಾಗ ಗಾಳಿಯ ಬೆನ್ನಿಗೆ ನಿಲ್ಲುವುದನ್ನು ಕಲಿತಿದ್ದೀರಿ. ಅಲ್ಲಿಯೂ ಅದನ್ನು ಮರೆಯಬೇಡಿರಿ. ಬಿಸಿಲಿನಲ್ಲಿ ಈ ಉಡುಪು ತೊಟ್ಟು ನಿಲ್ಲುವುದು ಸಾಮಾನ್ಯವಲ್ಲ. ನೀರು, ನೆರಳು, ಆಗಾಗ್ಗೆ ಬಿಡುವು ಕೇಳುವುದು ಸೋಮಾರಿತನವಲ್ಲ.

ನಾಲ್ಕು: ಅಂಚು. ಹೊಡೆಯುವವನು ಹಿಂದೆ ಹಿಂದೆ ಹೆಜ್ಜೆ ಇಡುತ್ತಾನೆ. ಹಿಂದೆ ಮೋಟುಗೋಡೆ ಇಲ್ಲದಿದ್ದರೆ ಒಂದು ಹೆಜ್ಜೆಯಲ್ಲಿ ಎಲ್ಲವೂ ಮುಗಿಯುತ್ತದೆ. ಅಂಚಿಗೆ ಕಟಕಟೆ, ಸೊಂಟಕ್ಕೆ ಬೆಲ್ಟು ಬೇಕು. ಬೆಳಕಿಗೆಂದು ಬಿಟ್ಟ ಕಿಂಡಿಗಳ ಫೈಬರ್ ಶೀಟಿನ ಮೇಲೆ ಕಾಲಿಡಬೇಡಿರಿ.

ಐದು: ಬೆಂಕಿ. ನೊರೆಯಲ್ಲಿ ತಡಮಾಡುವ ವಸ್ತು ಇದ್ದರೂ ಅದು ಉರಿಯುವಂಥದ್ದೇ. ಉರಿದಾಗ ಬರುವ ಹೊಗೆ ವಿಷ. ನೊರೆಯ ಬಳಿ ಬೀಡಿ ಬೇಡ, ವೆಲ್ಡಿಂಗ್ ಬೇಡ.

ಆರು: ಡ್ರಮ್ಮು. ಇದನ್ನು ಮನೆಯವರೂ ಕೇಳಬೇಕು. ಖಾಲಿ ಡ್ರಮ್ಮು ಚೆನ್ನಾಗಿದೆಯೆಂದು ಊರಿಗೆ ತಂದು ನೀರು ತುಂಬಿಡುವ ಅಭ್ಯಾಸ ನಮ್ಮಲ್ಲಿದೆ. ಈ ಡ್ರಮ್ಮುಗಳನ್ನು ಎಂದಿಗೂ ತರಬೇಡಿರಿ. ಎಷ್ಟು ತೊಳೆದರೂ ಕುಡಿಯುವ ನೀರಿಗೆ, ಅಕ್ಕಿಗೆ, ದನದ ಕಲಗಚ್ಚಿಗೆ ಅವು ಬಾರವು. ಐಸೋಸಯನೇಟಿನ ಡ್ರಮ್ಮಿಗೆ ನೀರು ಹಾಕಿ ಮುಚ್ಚಳ ಬಿಗಿದರೆ ಒಳಗೆ ಗಾಳಿ ಹುಟ್ಟಿ ಡ್ರಮ್ಮು ಒಡೆಯುತ್ತದೆ. ಗ್ಯಾಸ್ ಕಟ್ಟರಿನಿಂದ ಕತ್ತರಿಸುವುದೂ ಅಪಾಯ.

ಭೂಮಿಯ ವಿಷಯವಾಗಿಯೂ ಒಂದು ಮಾತು. ನೊರೆಯನ್ನು ಉಬ್ಬಿಸುವುದಕ್ಕೆ ಹಿಂದೆ ಬಳಸುತ್ತಿದ್ದ ವಸ್ತುಗಳು, ನಮ್ಮನ್ನು ಸೂರ್ಯನ ಕೆಟ್ಟ ಕಿರಣಗಳಿಂದ ಕಾಯುವ ಓಝೋನ್ ಪದರವನ್ನು ಕೆಡಿಸುತ್ತಿದ್ದವು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಲೋಕದ ದೇಶಗಳೆಲ್ಲ ಸೇರಿ ಅವುಗಳನ್ನು ಒಂದೊಂದಾಗಿ ಬಿಡಿಸಿದವು. ಎಚ್.ಸಿ.ಎಫ್.ಸಿ.-141ಬಿ ಎಂಬುದನ್ನು ನಮ್ಮ ದೇಶ 2020ರ ಆರಂಭದಿಂದ ನಿಲ್ಲಿಸಿತು. ಸರ್ಕಾರಗಳು, ಕಂಪನಿಗಳು ಮನಸ್ಸು ಮಾಡಿದರೆ ಬದಲಾವಣೆ ಆಗುತ್ತದೆಂಬುದಕ್ಕೆ ಇದು ಸಾಕ್ಷಿ. ಆಕಾಶವನ್ನು ಕಾಯುವುದಕ್ಕೆ ವಸ್ತುವನ್ನೇ ಬದಲಿಸಿದವರು, ಕೆಲಸಗಾರನನ್ನು ಕಾಯುವುದಕ್ಕೆ ಒಂದು ಮಾಸ್ಕು ಕೊಡಲಾರರೇ?

ವೇದದಲ್ಲಿಯೂ ಚಪ್ಪಟೆ ಮಾಡಿನ ಮಾತು ಇದೆ. ಧರ್ಮೋಪದೇಶಕಾಂಡದ 22ನೇ ಅಧ್ಯಾಯದ 8ನೇ ವಚನವನ್ನು ಮನೆಗೆ ಹೋಗಿ ತೆಗೆದು ನೋಡಿರಿ. ಹೊಸ ಮನೆ ಕಟ್ಟುವವನು ಮಾಡಿನ ಸುತ್ತಲೂ ಮೋಟುಗೋಡೆ ಕಟ್ಟಬೇಕು, ಯಾರಾದರೂ ಬಿದ್ದು ಸತ್ತರೆ ಆ ದೋಷ ಮನೆಯ ಯಜಮಾನನ ಮೇಲೆ ಎಂಬುದು ಅದರ ತಾತ್ಪರ್ಯ. ಬಿದ್ದವನು ಎಚ್ಚರವಾಗಿರಬೇಕಿತ್ತು ಎಂದು ಅಲ್ಲಿ ಹೇಳಿಲ್ಲ. ಜವಾಬ್ದಾರಿ ಕಟ್ಟಿಸುವವನದು. ಮಾಸ್ಕೂ ಒಂದು ಮೋಟುಗೋಡೆಯೇ. ಅದನ್ನು ಕೊಡುವುದು ಉಪಕಾರವಲ್ಲ, ಕರ್ತವ್ಯ.

ಭಾಷಣದ ನಂತರ ಕೆಲವರು ಪ್ರಶ್ನೆ ಕೇಳಿದರು. ಓದುವವರಿಗೂ ಉಪಯೋಗವಾಗಲೆಂದು ಅವುಗಳನ್ನೂ ಉತ್ತರಗಳನ್ನೂ ಇಲ್ಲಿ ಸೇರಿಸಲಾಗಿದೆ.

ಒಬ್ಬ ತಾಯಿ ಕೇಳಿದರು: "ಉಪದೇಶಿಗಳೇ, ನನ್ನ ಮಗ ಒದ್ದೆ ಟವೆಲನ್ನು ಮೂಗಿಗೆ ಕಟ್ಟಿಕೊಂಡು ಕೆಲಸ ಮಾಡುತ್ತಾನಂತೆ. ಅದು ಸಾಲದೇ?"

ಸಾಲದು ಅಮ್ಮಾ. ಟವೆಲು ಧೂಳನ್ನು ಸ್ವಲ್ಪ ತಡೆದೀತು, ಈ ತುಂತುರನ್ನು, ಆವಿಯನ್ನು ತಡೆಯದು. ಟವೆಲು ಕಟ್ಟಿದ್ದೇನೆಂಬ ಧೈರ್ಯದಿಂದ ಇನ್ನೂ ಹೆಚ್ಚು ಹೊತ್ತು ನಿಲ್ಲುವುದೇ ಅದರ ಕೇಡು. ಫೋನು ಮಾಡಿದಾಗ "ಊಟ ಆಯಿತಾ" ಎಂದು ಕೇಳುವಂತೆಯೇ "ಮಾಸ್ಕು ಕೊಟ್ಟರಾ" ಎಂದೂ ಕೇಳಿರಿ.

ಒಬ್ಬ ಹಿರಿಯರು ಕೇಳಿದರು: "ನಮ್ಮ ಲೈನು ಮನೆಯ ಶೀಟಿನ ಕೆಳಗೆ ಇದನ್ನೇ ಹೊಡೆಸಿದರೆ ಚಳಿಗಾಲದಲ್ಲಿ ನೀರು ತೊಟ್ಟಿಕ್ಕುವುದು ನಿಲ್ಲುವುದಿಲ್ಲವೇ?"

ತೊಟ್ಟಿಕ್ಕುವುದು ಕಡಿಮೆಯಾದೀತು. ಆದರೆ ಒಲೆ ಉರಿಯುವ, ದೀಪ ಹಚ್ಚುವ, ಮಕ್ಕಳು ಮಲಗುವ ಕೋಣೆಯಲ್ಲಿ ಈ ನೊರೆಯನ್ನು ಮುಚ್ಚದೆ ಬಿಡುವುದು ಬೆಂಕಿಯನ್ನು ತಲೆಯ ಮೇಲೆ ಇಟ್ಟುಕೊಂಡಂತೆ. ಅಷ್ಟೇ ಅಲ್ಲದೆ ನಮ್ಮ ಎಷ್ಟೋ ಲೈನುಗಳ ಶೀಟು ಆಸ್‌ಬೆಸ್ಟಾಸ್. ನೊರೆ ಅಂಟಲೆಂದು ಅದನ್ನು ಉಜ್ಜಿ ಕೆರೆದರೆ ಅದರ ನಾರು ಗಾಳಿಗೆ ಏಳುತ್ತದೆ. ಅದು ಬೇರೊಂದು ಶ್ವಾಸಕೋಶದ ರೋಗಕ್ಕೆ, ಕ್ಯಾನ್ಸರಿಗೂ ಕಾರಣ. ಲೈನು ಮನೆಯ ಮಾಡನ್ನು ಸರಿಮಾಡಿಸಿಕೊಡುವುದು ತೋಟದ ಆಡಳಿತದ ಜವಾಬ್ದಾರಿ. ಶೀಟು ಬದಲಿಸಿ, ಒಳಗೆ ಸರಿಯಾದ ಸೀಲಿಂಗು ಹಾಕಿಕೊಡಲೆಂದು ನಾವು ಅರ್ಜಿ ಕೊಡೋಣ.

ಕಡೆಗೆ ಒಬ್ಬ ಯುವಕನು ಕೇಳಿದ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು: "ಅಣ್ಣಾ, ಮಾಸ್ಕು ಕೇಳಿದರೆ ಕಂಟ್ರಾಕ್ಟರು, 'ಬೇಡದಿದ್ದರೆ ಊರಿಗೆ ಹೋಗು, ನಾಳೆ ಬೇರೆ ಹುಡುಗ ಬರುತ್ತಾನೆ' ಅನ್ನುತ್ತಾನೆ. ಆಗ ಏನು ಮಾಡುವುದು?"

ತಮ್ಮಾ, ಆ ಮಾತು ನಿಜ. ಒಬ್ಬನೇ ನಿಂತು ಕೇಳಿದರೆ ಹಾಗೆಯೇ ಆಗುತ್ತದೆ. ಆದಕಾರಣ ಒಬ್ಬನೇ ಕೇಳಬೇಡ. ಈ ಕೆಲಸ ಬಲ್ಲ ಗ್ಯಾಂಗು ದಾರಿಯಲ್ಲಿ ಸಿಗುವುದಿಲ್ಲ. ಗನ್ನು ಹಿಡಿಯಲು ಕಲಿಯುವುದಕ್ಕೆ ತಿಂಗಳುಗಳು ಬೇಕು, ಕಲಿಯದವನು ಹೊಡೆದರೆ ನಷ್ಟ ಕಂಟ್ರಾಕ್ಟರಿಗೇ. ಐದು ಜನ ಹೋಗುವುದಾದರೆ ಐದು ಜನರೂ ಬಸ್ಸು ಹತ್ತುವ ಮೊದಲೇ ಮಾತಾಡಿಕೊಳ್ಳಿರಿ. ಕೂಲಿ ಎಷ್ಟೆಂದು ಕೇಳುವ ಹೊತ್ತಿನಲ್ಲಿಯೇ ಮಾಸ್ಕು, ಕೈಗವಸು, ಬೆಲ್ಟು ಯಾರು ಕೊಡುತ್ತಾರೆಂದು ಕೇಳಿರಿ. ಕೆಲಸ ಶುರುವಾದ ಮೇಲೆ ಕೇಳಿದರೆ ಅದು ಜಗಳ. ಮೊದಲೇ ಕೇಳಿದರೆ ಅದು ಕರಾರು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿರಿ. 18 ವರ್ಷ ತುಂಬಿ, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಸೇರಬಹುದು. ಇ.ಎಸ್.ಐ. ಹಿಡಿಯುತ್ತಾರೋ ಇಲ್ಲವೋ ನೋಡಿಕೊಳ್ಳಿರಿ. ಕಂಟ್ರಾಕ್ಟರನ ಹೆಸರು, ಕಟ್ಟಡದ ಹೆಸರು, ಕೆಲಸದ ದಿನಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಅದರ ಒಂದು ಪ್ರತಿಯನ್ನು ಮನೆಯಲ್ಲಿ ಬಿಟ್ಟುಹೋಗಿರಿ. ಯೂನಿಯನ್ ಆಫೀಸಿನಲ್ಲಿ ಒಂದು ಪಟ್ಟಿ ಇಡೋಣ. ಯಾವ ಕಡೆ ಮಾಸ್ಕು ಕೊಡುತ್ತಾರೆ, ಯಾವ ಕಡೆ ಕೊಡುವುದಿಲ್ಲವೆಂದು ಹಿಂದಿರುಗಿದವರು ಬಂದು ಹೇಳಿದರೆ, ಮುಂದೆ ಹೋಗುವವರಿಗೆ ದಾರಿ ತಿಳಿಯುತ್ತದೆ. ಇಷ್ಟೆಲ್ಲ ಮಾಡಿದರೂ ಕೊಡದಿದ್ದರೆ, ಆ ಕೆಲಸ ಬಿಟ್ಟು ಬಾ. ಒಂದು ತಿಂಗಳ ಕೂಲಿ ಹೋದರೆ ಮತ್ತೆ ಸಂಪಾದಿಸಬಹುದು.

ಪ್ರಿಯರೇ, ನೊರೆ ಹೊಡೆಯುವುದು ಕೆಟ್ಟ ಕೆಲಸವಲ್ಲ. ಚೆನ್ನಾಗಿ ಕಲಿತವನಿಗೆ ಅದರಲ್ಲಿ ಒಳ್ಳೆಯ ಕೂಲಿಯೂ ಇದೆ, ಮರ್ಯಾದೆಯೂ ಇದೆ. ಅವನು ಮಾಡಿದ ಮಾಡಿನ ಕೆಳಗೆ ನೂರಾರು ಜನ ಸೆಕೆಯಿಲ್ಲದೆ, ಸೋರಿಕೆಯಿಲ್ಲದೆ ದುಡಿಯುತ್ತಾರೆ. ಅವರಲ್ಲಿ ನಮ್ಮ ಹೆಣ್ಣುಮಕ್ಕಳೂ ಇದ್ದಾರೆ. ಆ ತಂಪಿಗಾಗಿ ಮೇಲೆ ನಿಂತ ಅಣ್ಣತಮ್ಮಂದಿರು ತಮ್ಮ ಉಸಿರನ್ನು ಕೊಡಬೇಕಾಗಿಲ್ಲ. ಈ ಪುಟವನ್ನು ಓದಿದ ಮೇಲೆ ಮಡಚಿ ಇಡದೆ, ಹೊರಗಿನ ಕೆಲಸಕ್ಕೆ ಹೋಗುವ ಹುಡುಗನ ಚೀಲದಲ್ಲಿ ಹಾಕಿ ಕಳುಹಿಸಿರಿ. ಓದಲು ಬಾರದ ಮನೆಗೆ ಹೋಗಿ ಓದಿ ಹೇಳಿರಿ.